ಬಿಸಿಯಾದರೆ ನಿಲ್ಲುವ ಕಾರು

ಮೆಕ್ಯಾನಿಕ್ ಮತ್ತೊಮ್ಮೆ ಕೀಲಿಯತ್ತ ಕೈ ಚಾಚಿದಾಗ ತನಿಖಾಧಿಕಾರಿ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು.

"ಇಂಜಿನ್ ಓಡ್ತಾ ಇರಲಿ."

ಪೆಟ್ರೋಲು ಸುಮ್ಮನೆ ಉರಿದುಹೋಗುತ್ತಿದೆ ಎಂದು ಅವನು ಗೊಣಗಿದ. ಸರ್ಕಾರದ ಪೆಟ್ರೋಲಿಗೆ ನಿನಗ್ಯಾಕೆ ಹೊಟ್ಟೆಯುರಿ ಎಂದು ಬಾನೆಟ್ಟಿನ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ನಕ್ಕ. ಅವನ ಮೈಕಟ್ಟು ನೋಡಿ ಠಾಣೆಯಲ್ಲಿ ಎಲ್ಲರೂ ಅವನನ್ನು ಆನೆ ಎಂದೇ ಕರೆಯುತ್ತಿದ್ದರು.

ತಗಡಿನ ಚಾವಣಿಯ ಕೆಳಗೆ ನಡು ಮಧ್ಯಾಹ್ನದ ಕಾವು. ನಡುವೆ ಗುರುಗುಟ್ಟುತ್ತಿದ್ದ ಬಿಳಿ ಕಾರು. ಕಲ್ಲುಕ್ವಾರಿಯ ಮ್ಯಾನೇಜರು ತಲೆ ಒಡೆದು ಸತ್ತುಬಿದ್ದಿದ್ದು ಸೇತುವೆಯಾಚೆ, ಇದೇ ಕಾರಿನ ಪಕ್ಕದಲ್ಲಿ. ಅವನ ಹೆಂಡತಿ ಈ ಮೆಕ್ಯಾನಿಕ್‌ನ ಒಡಹುಟ್ಟಿದ ತಂಗಿ.

ಬದುಕಿದ್ದಾಗ ಮ್ಯಾನೇಜರನ್ನು ಕೂಲಿಗಳು ಸಿಡಿಮದ್ದು ಎನ್ನುತ್ತಿದ್ದರು. ತನಿಖಾಧಿಕಾರಿಗೂ ಬೆನ್ನ ಹಿಂದೆ ಒಂದು ಹೆಸರಿತ್ತು, ಬೆಂಕಿಪೊಟ್ಟಣ. ಆಕಾರ ಚಿಕ್ಕದು, ಗೀರಿದರೆ ಹೊತ್ತಿಕೊಳ್ಳುವ ಹೆಂಗಸು. ಸಿಡಿಮದ್ದಿನ ಕೇಸು ಬೆಂಕಿಪೊಟ್ಟಣದ ಕೈಗೆ ಬಿತ್ತು, ಇನ್ನು ಊರು ಉಳಿದ ಹಾಗೇ ಎಂದು ಠಾಣೆಯವರು ನಕ್ಕಿದ್ದರು. ಶವ ನೋಡಿ ಬಂದ ಮೇಲೆ ಯಾರೂ ನಗಲಿಲ್ಲ. ಹೊಡೆದವನು ಪ್ರಾಣ ಹೋದ ಮೇಲೂ ಕೈ ನಿಲ್ಲಿಸಿರಲಿಲ್ಲ. ಮುಖವೆಂಬುದೇ ಉಳಿದಿರಲಿಲ್ಲ. ಹೆಂಡತಿ ಗಂಡನನ್ನು ಪಾದ ನೋಡಿ ಗುರುತು ಹಿಡಿದಿದ್ದಳು.

ಸತ್ತವನ ಕೈಗಡಿಯಾರ ಸಿಕ್ಕಿದ್ದು ಕ್ವಾರಿಯಲ್ಲಿ ಕ್ರೇನ್ ಓಡಿಸುವವನ ಜೇಬಿನಲ್ಲಿ. ಪೊಲೀಸರು ತಲುಪುವಷ್ಟರಲ್ಲಿ ಕ್ವಾರಿಯ ಜನ ಅವನ ಪಕ್ಕೆಲುಬು ಮುರಿದಿದ್ದರು. ಹೆಣದ ಕೈಯಿಂದ ಬಿಚ್ಚಿಕೊಂಡೆ, ಕೊಂದವನು ನಾನಲ್ಲ ಎಂದು ಅವನು ರಕ್ತ ಉಗುಳುತ್ತಲೇ ಹೇಳಿದ್ದ. ಲಾಕಪ್ಪಿನ ನೆಲದ ಮೇಲೆ ಮಲಗಿ ಈಗಲೂ ಅದನ್ನೇ ಹೇಳುತ್ತಿದ್ದ. ಸಂಜೆಯೊಳಗೆ ಅವನ ಮೇಲೆ ಕೊಲೆ ಆರೋಪ ಹೊರಿಸಿ ಕೋರ್ಟಿಗೆ ಕಳಿಸಿ, ಫೈಲು ಮುಚ್ಚಿ ಎಂದು ಮೇಲಿನವರ ಒತ್ತಡ.

ಅವರ ವಾದ ಸರಳವಾಗಿತ್ತು. ಕಾರು ಠಾಣೆಯ ಅಂಗಳದಲ್ಲಿ ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟಾಗುತ್ತದೆ. ಅಂದ ಮೇಲೆ ಆ ನಿರ್ಜನ ದಾರಿಯಲ್ಲಿ ಮ್ಯಾನೇಜರು ತಾನಾಗಿಯೇ ಕಾರು ನಿಲ್ಲಿಸಿದ್ದಾನೆ. ಪರಿಚಯದವನು ಕೈ ಅಡ್ಡ ಹಿಡಿದನೆಂದು ನಿಲ್ಲಿಸಿದ್ದಾನೆ. ಪರಿಚಯದವನ ಜೇಬಿನಲ್ಲಿ ಗಡಿಯಾರವಿದೆ. ಇನ್ನೇನು ಬೇಕು?

ಸ್ಟಾರ್ಟಾದ ಕಾರನ್ನು ಓಡಲು ಬಿಟ್ಟು ನೋಡಿದವರು ಮಾತ್ರ ಯಾರೂ ಇರಲಿಲ್ಲ. ಹಿಂದಿನ ದಿನ ಆನೆ ಅದನ್ನು ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದಾಗ ರೈಲ್ವೆ ಗೇಟಿನಾಚೆ ಅದು ಕೆಮ್ಮಿ, ನಡುಗಿ, ರಸ್ತೆ ಮಧ್ಯೆಯೇ ಪ್ರಾಣ ಬಿಟ್ಟಿತು. ಹಿಂದಿನ ಲಾರಿಯವರು ಅವನ ವಂಶವನ್ನೆಲ್ಲ ಜಾಲಾಡಿದರು. ಬಾನೆಟ್ಟು ಎತ್ತಿಟ್ಟು, ಇಂಜಿನ್ನು ತಣಿಯುವ ತನಕ ಬೆವರು ಒರೆಸಿಕೊಳ್ಳುತ್ತ ನಿಂತು ಮತ್ತೆ ಕೀಲಿ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟಾಯಿತು.

ಅಲ್ಲಿಗೆ ತನಿಖಾಧಿಕಾರಿಯ ಲೆಕ್ಕ ತಲೆಕೆಳಗಾಯಿತು. ಮ್ಯಾನೇಜರು ಕಾರು ನಿಲ್ಲಿಸಿರಲಿಲ್ಲ. ಕಾರೇ ನಿಂತಿತ್ತು. ಅದು ನಿಲ್ಲುತ್ತದೆಂದು ಗೊತ್ತಿದ್ದವನೊಬ್ಬ ಅವನಿಗಾಗಿ ಕಾದಿದ್ದ.

ಪೊಲೀಸ್ ಮೋಟಾರು ವಿಭಾಗದಿಂದ ಅವಳು ಒಂದು ಪ್ರೆಶರ್ ಮೀಟರನ್ನೂ ಅದನ್ನು ಬಳಸುವ ಪಾಠವನ್ನೂ ಪಡೆದುಕೊಂಡು ಬಂದಿದ್ದಳು. ಕಾರನ್ನು ಬೇಕೆಂದೇ ಮೆಕ್ಯಾನಿಕ್‌ನ ಗ್ಯಾರೇಜಿಗೇ ತರಿಸಿದ್ದಳು. ಸತ್ತವನ ಕಾರಿಗೆ ಕೈ ಹಚ್ಚುತ್ತಿದ್ದವನು ಅವನೊಬ್ಬನೇ. ಅವಳು ಮೀಟರನ್ನು ನೋಡಿದ್ದಕ್ಕಿಂತ ಅವನ ಮುಖವನ್ನು ಹೆಚ್ಚು ನೋಡುತ್ತಿದ್ದಳು.

ಇಂಜಿನ್ನಿಗೆ ಪೆಟ್ರೋಲು ಹೋಗುವ ಪೈಪಿನ ನಡುವೆ ಕೂರಿಸಿದ್ದ ಆ ಮೀಟರಿನ ಮುಳ್ಳು ಮೊದಮೊದಲು ಕದಲದೆ ನಿಂತಿತ್ತು. ಇಂಜಿನ್ನು ಕಾದಂತೆ ಮೆಲ್ಲಗೆ ಇಳಿಯತೊಡಗಿತು.

"ಇಳೀತಾ ಇದೆ ಮೇಡಂ," ಎಂದ ಆನೆ.

ಅದು ಇಗ್ನಿಷನ್ ಕಾಯಿಲ್ಲಿನ ತೊಂದರೆ, ಬಿಸಿಯಾದರೆ ಕಿಡಿ ನಿಲ್ಲುತ್ತದೆ, ಹಳೇ ಕಾರಲ್ಲಿ ಇದೆಲ್ಲ ಇದ್ದದ್ದೇ ಎಂದ ಮೆಕ್ಯಾನಿಕ್. ಕಿಡಿ ನಿಂತರೆ ಇಂಜಿನ್ನು ನಿಲ್ಲಬಹುದು, ಪೆಟ್ರೋಲಿನ ಒತ್ತಡ ಯಾಕೆ ಇಳಿಯಬೇಕು ಎಂದು ಅವಳು ಕೇಳಿದಳು.

ಹೆಚ್ಚಾದ ಪೆಟ್ರೋಲು ಇಂಜಿನ್ನಿನಿಂದ ಟ್ಯಾಂಕಿಗೆ ಹಿಂತಿರುಗಲು ಇನ್ನೊಂದು ಪೈಪಿತ್ತು. ಅದನ್ನು ಇಕ್ಕಳದಿಂದ ಅದುಮಿ ಹಿಡಿಯಲು ಆನೆಗೆ ಹೇಳಿದಳು. ದೋಷ ಇಂಜಿನ್ನಿನ ಕಡೆ ಇದ್ದರೆ, ಆ ದಾರಿ ಮುಚ್ಚಿದ ಕೂಡಲೇ ಮುಳ್ಳು ಮೇಲೇರಬೇಕು. ಏರಲಿಲ್ಲ. ಹಿಂದಿನ ಸೀಟಿನ ಕೆಳಗೆ, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಗುಂಯ್‌ಗುಡುತ್ತಲೇ ಇತ್ತು. ಪೆಟ್ರೋಲು ಸೋಸುವ ಫಿಲ್ಟರು ಬೆಳಿಗ್ಗೆಯೇ ಹೊಸದು ಹಾಕಿಸಿದ್ದಳು, ಅದು ಕಟ್ಟಿಕೊಂಡಿರಲಾರದು. ಪಂಪು ಎತ್ತಿಕೊಟ್ಟ ಪೆಟ್ರೋಲು ಟ್ಯಾಂಕು ದಾಟುವ ಮೊದಲೇ ಎಲ್ಲೋ ಸೋರಿಹೋಗುತ್ತಿತ್ತು.

ಇಂಜಿನ್ನು ಒಮ್ಮೆ ಕೆಮ್ಮಿತು. ಇಡೀ ಕಾರು ಅದುರಿತು. ಆಮೇಲೆ ಸದ್ದಿಲ್ಲ.

ಅವಳು ಹಿಂದಿನ ಬಾಗಿಲು ತೆಗೆದು ಸೀಟು ಎತ್ತಿದಳು. ಟ್ಯಾಂಕಿನ ಮೇಲಿನ ತಗಡಿನ ಮುಚ್ಚಳದ ಮೇಲೆ ವರ್ಷಗಟ್ಟಲೆಯ ಧೂಳು ಹೆಪ್ಪುಗಟ್ಟಿತ್ತು. ಅದರ ಸ್ಕ್ರೂಗಳ ತಲೆಗಳು ಮಾತ್ರ ಹೊಸದಾಗಿ ಗೀರಿ ಹೊಳೆಯುತ್ತಿದ್ದವು.

"ಇದನ್ನ ಬಿಚ್ಚು," ಎಂದಳು.

ಟ್ಯಾಂಕು ಕಾದಿದೆ, ಒಳಗೆಲ್ಲ ಆವಿ ತುಂಬಿರುತ್ತದೆ, ಒಂದು ಕಿಡಿ ಹಾರಿದರೆ ಮೂವರೂ ಬೂದಿ, ನಾಳೆ ಬನ್ನಿ ಎಂದ ಅವನು.

"ನಾಳೆ ಹೊತ್ತಿಗೆ ಆ ಕ್ರೇನಿನವನು ಕೊಲೆಗಾರ ಆಗಿರ್ತಾನೆ. ಈಗಲೇ ಬಿಚ್ಚು. ನಿನ್ನ ಕೈಲಿ ಆಗಲ್ಲ ಅಂದ್ರೆ ಆನೆ ಬಿಚ್ತಾನೆ."

ಮೆಕ್ಯಾನಿಕ್ ಒಂದು ಬಟ್ಟೆ ತೆಗೆದುಕೊಂಡು ಬೆರಳು ಬೆರಳಿನ ಸಂದಿಯನ್ನೂ ಒರೆಸಿಕೊಂಡ. ಆನೆ ಮೀಟರು ಕಳಚಲು ಬಾಗಿದ್ದ. ಮೆಕ್ಯಾನಿಕ್ ಅವನ ಪಕ್ಕಕ್ಕೆ ನಡೆದು ಅದೇ ಬಟ್ಟೆಯನ್ನು ರೇಡಿಯೇಟರಿನ ಮುಚ್ಚಳದ ಮೇಲಿಟ್ಟು ಒಂದೇ ತಿರುವಿಗೆ ತಿರುಗಿಸಿ ಹಿಂದಕ್ಕೆ ನೆಗೆದ.

ಕುದಿಯುವ ನೀರು ಕಂಬದಂತೆ ಎದ್ದು ಆನೆಯ ಕುತ್ತಿಗೆಗೂ ಎದೆಗೂ ಅಪ್ಪಳಿಸಿತು. ಅವನ ಬಾಯಿಂದ ಬಂದ ಸದ್ದು ಮನುಷ್ಯನದ್ದೆನಿಸಲಿಲ್ಲ. ಎರಡೂ ಕೈಗಳನ್ನು ಕುತ್ತಿಗೆಗೆ ಒತ್ತಿಕೊಂಡು, ಹಳೇ ಟೈರುಗಳ ರಾಶಿಯ ಮೇಲೆ ಬಿದ್ದ.

ಅವಳು ಕಾರಿನಿಂದ ಹೊರಬರುವಷ್ಟರಲ್ಲಿ ಮೆಕ್ಯಾನಿಕ್‌ನ ಕೈಗೆ ಚಕ್ರ ಬಿಚ್ಚುವ ಉದ್ದ ಸ್ಪ್ಯಾನರ್ ಬಂದಿತ್ತು. ಮೊದಲ ಏಟಿಗೆ ಬಾಗಿಲಿನ ಗಾಜು ಪುಡಿಯಾಗಿ ಅವಳ ಕೂದಲ ತುಂಬ ಉದುರಿತು. ಮುಂದಿನದು ಎಡ ಮುಂಗೈಗೆ ಬಿತ್ತು. ಮೂಳೆ ಮುರಿದದ್ದು ಅವಳ ಕಿವಿಗೇ ಕೇಳಿಸಿತು.

ಬಲಗೈ ಸೊಂಟದ ಪಿಸ್ತೂಲಿಗೆ ಹೋಯಿತು. ಸುತ್ತಲೂ ಬಿಡಿಭಾಗ ತೊಳೆಯಲು ತುಂಬಿಟ್ಟ ಪೆಟ್ರೋಲಿನ ಡಬ್ಬಗಳು ಬಾಯಿ ತೆರೆದುಕೊಂಡು ಕೂತಿದ್ದವು. ಅವಳು ಪಿಸ್ತೂಲು ಬಿಟ್ಟು ಕಾರಿನ ಮುಂಭಾಗಕ್ಕೆ ಓಡಿದಳು.

ಅವನು ಅಟ್ಟಿಸಿಕೊಂಡು ಬಂದ. ತಲೆಗೆ ಗುರಿಯಿಟ್ಟು ಬೀಸಿದ. ಅವಳು ಬಗ್ಗಿದಳು. ಸ್ಪ್ಯಾನರ್ ತೆರೆದ ಬಾನೆಟ್ಟಿನೊಳಗೆ ಇಂಜಿನ್ನಿನ ಪೈಪುಗಳ ನಡುವೆ ಸಿಕ್ಕಿಬಿತ್ತು. ಎಳೆದುಕೊಳ್ಳಲು ಅವನು ಮೊಣಕೈಯವರೆಗೂ ಕೈ ಒಳಗಿಟ್ಟ. ಅವಳು ಬಾನೆಟ್ಟಿಗೆ ಆಸರೆಯಾಗಿದ್ದ ಕಂಬಿಯನ್ನು ಒದ್ದಳು. ಬಾನೆಟ್ಟು ಅವನ ತೋಳಿನ ಮೇಲೆ ಬಿತ್ತು. ಅದರ ಮೇಲೆ ಅವಳು ತನ್ನ ಮೈಭಾರವನ್ನೆಲ್ಲ ಹಾಕಿ ಕೂತುಬಿಟ್ಟಳು.

ಒಳಗೆ ಕಾದ ಕಬ್ಬಿಣ, ಮೇಲೆ ತಗಡು. ಅವನ ಕೂಗು ಚಾವಣಿಗೆ ಬಡಿದು ತಿರುಗಿ ಬಂತು. ಮಾಂಸ ಸುಟ್ಟ ವಾಸನೆ ಬಂತು. ಆದರೂ ಅವಳು ಏಳಲಿಲ್ಲ.

ಆನೆ ಎದ್ದು ತೂರಾಡುತ್ತ ಬಂದು ಮೆಕ್ಯಾನಿಕ್‌ನ ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ತುಟಿ ಹರಿದು ಹಲ್ಲು ನೆಲಕ್ಕೆ ಬಿತ್ತು. ಸಾಕು, ಅವನು ಮಾತಾಡುವುದು ನನಗೆ ಬೇಕು ಎಂದು ಅವಳು ಮಧ್ಯೆ ತೋಳು ಚಾಚದಿದ್ದರೆ ಆ ಮಧ್ಯಾಹ್ನ ಇನ್ನೊಂದು ಹೆಣ ಬೀಳುತ್ತಿತ್ತು.

ಮೆಕ್ಯಾನಿಕ್‌ನ ಸರಿಯಿದ್ದ ಕೈಗೆ ಬೇಡಿ ಹಾಕಿ ಗ್ಯಾರೇಜಿನ ಕಬ್ಬಿಣದ ಕಂಬಕ್ಕೆ ಬಿಗಿದರು. ಆನೆಯ ಕುತ್ತಿಗೆಯ ಚರ್ಮ ಸುಲಿದು ಜೋತಿತ್ತು. ಆಸ್ಪತ್ರೆಗೆ ಹೋಗು ಎಂದಾಗ, ಸ್ನಾನದ ನೀರು ಇವತ್ತು ಸ್ವಲ್ಪ ಜಾಸ್ತಿ ಕಾದಿತ್ತು ಮೇಡಂ ಎಂದು ಹಲ್ಲು ಕಚ್ಚಿಕೊಂಡೇ ನಗಲು ನೋಡಿದ. ಬೀದಿಯಲ್ಲಿ ಹೋಗುತ್ತಿದ್ದ ಟ್ಯಾಕ್ಸಿ ನಿಲ್ಲಿಸಿ ಅವನನ್ನು ಕಳಿಸಿದಳು. ತನ್ನ ಮುರಿದ ಕೈಯನ್ನು ಹಳೆಯದೊಂದು ಫ್ಯಾನ್‌ಬೆಲ್ಟಿನಲ್ಲಿ ಕೊರಳಿಗೆ ನೇತುಹಾಕಿಕೊಂಡಳು. ಬೇರೆ ಪೊಲೀಸರು ಬರುವ ಮೊದಲು ಮೆಕ್ಯಾನಿಕ್‌ನ ಬಾಯಿಂದ ಮಾತು ಹೊರಡಿಸಬೇಕಿತ್ತು.

"ಟ್ಯಾಂಕೊಳಗೆ ಏನು ಮಾಡಿದ್ದೀಯ?"

"ಪಂಪಿಂದ ಮುಚ್ಚಳಕ್ಕೆ ಹೋಗೋ ರಬ್ಬರ್ ಪೈಪನ್ನ ಬ್ಲೇಡಿಂದ ಸೀಳಿದ್ದೀನಿ. ಅರ್ಧದಷ್ಟು ಮಾತ್ರ."

ಉಳಿದದ್ದನ್ನೂ ಅವನು ರಕ್ತ ಉಗುಳುತ್ತ ಹೇಳಿದ. ಪೆಟ್ರೋಲು ತಣ್ಣಗಿದ್ದಾಗ ರಬ್ಬರು ಗಟ್ಟಿ, ಸೀಳಿನ ತುಟಿಗಳು ಕೂಡಿಕೊಂಡಿರುತ್ತವೆ. ಇಂಜಿನ್ನಿನ ಶಾಖ ಹೊತ್ತು ಹಿಂತಿರುಗುವ ಪೆಟ್ರೋಲು ಟ್ಯಾಂಕನ್ನು ಕಾಯಿಸಿದಂತೆ ರಬ್ಬರು ಮೆತ್ತಗಾಗಿ ಸೀಳು ಬಾಯಿ ಬಿಡುತ್ತದೆ. ಸೋರಿದ್ದು ಟ್ಯಾಂಕಿನೊಳಗೇ ಬೀಳುತ್ತದೆ. ಹೊರಗೆ ಹನಿಯಿಲ್ಲ, ವಾಸನೆಯಿಲ್ಲ.

ಅಷ್ಟು ಸಾಕಾಯಿತು ಅವಳಿಗೆ. ಠಾಣೆಗೆ ಫೋನು ಮಾಡಿ, ಕ್ರೇನಿನವನ ಬೇಡಿ ಕಳಚಿ ಕೂಡಲೇ ಆಸ್ಪತ್ರೆಗೆ ಸೇರಿಸಿ, ಕಾವಲೇನೂ ಬೇಡ ಎಂದಳು. ಒಬ್ಬ ನಿರಪರಾಧಿಯನ್ನು ಉಳಿಸಿದೆನೆಂಬ ಸಮಾಧಾನದಲ್ಲಿ ಕೈನೋವು ಸ್ವಲ್ಪ ಮರೆತಂತಾಯಿತು.

ಮೆಕ್ಯಾನಿಕ್‌ನ ಮಾತು ಇನ್ನೂ ಮುಗಿದಿರಲಿಲ್ಲ. ತಂಗಿ ಎಂದೂ ಗಂಡನ ಮೇಲೆ ದೂರು ಹೇಳಿದವಳಲ್ಲ ಎಂದ. ದವಡೆ ಊದಿದರೆ ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಿದ್ದಳು. ಹಲ್ಲು ಹೋದಾಗಲೂ ಬಚ್ಚಲು, ಕಿವಿ ಕೇಳಿಸದಾದಾಗಲೂ ಬಚ್ಚಲು.

"ಒಂದು ಬಚ್ಚಲು ಎಷ್ಟು ಸಲ ಒಬ್ಬಳ ಹಲ್ಲು ಮುರಿಯುತ್ತೆ ಮೇಡಂ?"

ಆ ಸಂಜೆ ಏನಾಯಿತು ಹೇಳು ಎಂದಳು ಅವಳು.

ಮ್ಯಾನೇಜರು ದಿನವೂ ಕ್ವಾರಿಯಿಂದ ಮನೆಗೆ ಬಂದು, ಅಂಗಿ ಬದಲಿಸಿ, ಇಂಜಿನ್ನು ಆರುವ ಮೊದಲೇ ಇಸ್ಪೀಟು ಕ್ಲಬ್ಬಿಗೆ ಹೊರಡುತ್ತಿದ್ದ. ಮೆಕ್ಯಾನಿಕ್ ಅದನ್ನೇ ಆಧಾರವಾಗಿಟ್ಟುಕೊಂಡಿದ್ದ. ಸರ್ವೀಸಿನ ನೆಪದಲ್ಲಿ ತಾನೇ ಅದೇ ದಾರಿಯಲ್ಲಿ ಓಡಿಸಿ ನೋಡಿದ್ದ. ಪ್ರತಿ ಸಲವೂ ಕಾರು ನಿಂತದ್ದು ನೀರಿನ ಪಂಪ್‌ಹೌಸ್ ಹತ್ತಿರ. ಆ ಸಂಜೆ ಸ್ಪ್ಯಾನರ್ ಹಿಡಿದು ಅಲ್ಲೇ ಕಾದಿದ್ದ. ಇನ್ನೆಂದೂ ಹೆಂಗಸಿನ ಮೇಲೆ ಎತ್ತಲಾಗದಂತೆ ಅವನ ಎರಡೂ ಕೈ ಮುರಿಯುವುದಿತ್ತು.

"ಮತ್ತೆ ತಲೆ ಯಾಕೆ ಒಡೆದೆ?"

"ನಾನು ಒಡೀಲಿಲ್ಲ. ಕಾರು ನಿಲ್ಲಲೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬಂತು. ಲೈಟು ಕಣ್ಣಿಗೆ ಹೊಡೀತು, ನನ್ನ ಮುಂದೇನೇ ಹಾದುಹೋಯ್ತು. ನಾನು ಬೆಪ್ಪನ ಥರ ನಿಂತಿದ್ದೆ. ಅಲ್ಲಿಗೆ ನನ್ನ ಧೈರ್ಯ ಮುಗೀತು, ಮನೆಗೆ ಬಂದ್ಬಿಟ್ಟೆ."

ಹಾಗಾದರೆ ಇವತ್ತು ಆನೆಗೂ ನನಗೂ ಯಾಕೆ ಹೊಡೆದೆ ಎಂದು ಕೇಳಿದಳು. ಮುಚ್ಚಳ ಬಿಚ್ಚಿದರೆ ನಾನೇ ಕೊಲೆಗಾರ ಅಂತೀರಿ, ಆಗ ತಂಗಿಗೆ ಯಾರೂ ದಿಕ್ಕಿರುವುದಿಲ್ಲ ಅನ್ನಿಸಿತು, ತಲೆ ಕೆಟ್ಟಿತು ಎಂದ.

ಅವಳು ನಂಬಲಿಲ್ಲ. ಆದರೆ ಹೆಣ ಬಿದ್ದಿದ್ದು ಸೇತುವೆಯಾಚೆ. ಸೇತುವೆ ಇರುವುದು ಪಂಪ್‌ಹೌಸ್ ದಾಟಿದ ಮೇಲೆ. ಕಾದ ಇಂಜಿನ್ನು ಅಷ್ಟು ದೂರ ಹೋಗುವುದು ಸಾಧ್ಯವಿರಲಿಲ್ಲ. ಹೋಗಿದೆಯೆಂದರೆ ಅದು ತಣ್ಣಗಾಗಿಯೇ ಹೊರಟಿತ್ತು. ಮನೆಗೆ ಬಂದು ಅಂಗಿ ಬದಲಿಸಿ ಓಡುವವನು ಆ ಸಂಜೆ ಇಂಜಿನ್ನು ಆರುವ ತನಕ ಮನೆಯಲ್ಲಿ ಏನು ಮಾಡುತ್ತಿದ್ದ? ಬಂದರು, ಹಾಗೇ ಹೋದರು ಎಂದೇ ಹೆಂಡತಿ ಹೇಳಿಕೆ ಕೊಟ್ಟಿದ್ದಳು.

ಹೊರಗೆ ಏನೋ ಬಿದ್ದ ಸದ್ದಾಯಿತು. ಊಟದ ಡಬ್ಬಿ. ಅಣ್ಣನಿಗೆ ಊಟ ತಂದಿದ್ದ ತಂಗಿ ಬಾಗಿಲಲ್ಲಿ ನಿಂತಿದ್ದಳು. ಅಣ್ಣನ ಹರಿದ ತುಟಿಯನ್ನೂ ಕಪ್ಪಾಗಿ ಜೋತುಬಿದ್ದಿದ್ದ ಕೈಯನ್ನೂ ನೋಡಿ ಅಲ್ಲೇ ನೆಲದ ಮೇಲೆ ಕುಸಿದಳು.

"ಕೊಲೆ ಕೇಸಲ್ಲಿ ನಿಮ್ಮಣ್ಣನ್ನ ಕರ್ಕೊಂಡು ಹೋಗ್ತಿದ್ದೀನಿ ಕಣಮ್ಮ," ಎಂದಳು ತನಿಖಾಧಿಕಾರಿ, ಬೇಕೆಂದೇ.

"ಅಣ್ಣ ಅಲ್ಲ ಮೇಡಂ. ಅಣ್ಣ ಕಾಯ್ತಿದ್ದಾನೆ ಅಂತ ಅವರಿಗೆ ಹೇಳಿದ್ದೇ ನಾನು."

ಮೆಕ್ಯಾನಿಕ್ ತಲೆಯೆತ್ತಿ ತಂಗಿಯನ್ನು ನೋಡಿದ.

ಅವಳು ತಡೆತಡೆದು ಹೇಳಿದಳು. ಇವತ್ತು ಅವನು ಪಂಪ್‌ಹೌಸ್ ದಾಟುವುದಿಲ್ಲ ಎಂದು ಅಣ್ಣ ಆ ದಿನ ಬಂದು ಹೇಳಿ ಹೋಗಿದ್ದ. ಅಣ್ಣ ಕೊಲೆಗಾರನಾಗುತ್ತಾನೆಂದು ಹೆದರಿ, ಆ ದಾರಿಯಲ್ಲಿ ಹೋಗಬೇಡಿ ಎಂದು ಗಂಡನ ಕಾಲು ಹಿಡಿದಳು. ಯಾಕೆ ಎಂದ. ತಲೆಯನ್ನು ಗೋಡೆಗೆ ಚಚ್ಚಿ ಬಾಯಿ ಬಿಡಿಸಿದ. ಆಮೇಲೆ ಮುಖಕ್ಕೆ ಗುದ್ದಿದಾಗ ಅವಳು ತಲೆ ತಪ್ಪಿಸಿಕೊಂಡಳು. ಮುಷ್ಟಿ ಬಾಗಿಲ ಚೌಕಟ್ಟಿಗೆ ಬಡಿದು ಬೆರಳ ಮೂಳೆಗಳು ಮುರಿದವು. ಕೈ ಹಿಡಿದುಕೊಂಡು ನರಳುತ್ತ ಕೂತುಬಿಟ್ಟ. ಹೊರಗೆ ಕಾರು ತಣ್ಣಗಾಯಿತು.

ತನಿಖಾಧಿಕಾರಿಗೆ ಶವಪರೀಕ್ಷೆಯ ಮಾತು ನೆನಪಾಯಿತು. ಬಲಗೈ ಮೂಳೆ ಮುರಿದಿದೆ, ಏಟು ತಡೆಯಲು ಹೋಗಿ ಆಗಿರಬೇಕು ಎಂದಿದ್ದ ಡಾಕ್ಟರು.

"ಆ ಕೈಯಲ್ಲಿ ಕಾರು ಹೇಗೆ ಓಡಿಸಿದ?"

"ಓಡಿಸಲಿಲ್ಲ. ಸ್ಟೇರಿಂಗ್ ಮುಟ್ಟೋಕೂ ಆಗ್ತಿರಲಿಲ್ಲ. ಫೋನ್ ಮಾಡಿ ಡ್ರೈವಿಂಗ್ ಬರೋನೊಬ್ಬನನ್ನ ಕರೆಸಿಕೊಂಡ್ರು. ಪಂಪ್‌ಹೌಸ್ ಹತ್ರ ನಿಲ್ಲಿಸು, ಒಬ್ಬನಿಗೆ ಬುದ್ಧಿ ಕಲಿಸೋದಿದೆ ಅಂದ್ರು."

ಆದರೆ ಅವನು ಪಂಪ್‌ಹೌಸ್ ಹತ್ತಿರ ನಿಲ್ಲಿಸಿರಲಿಲ್ಲ. ಯಜಮಾನ ಹೇಳಿದ್ದನ್ನು ಕೇಳದೆ, ಕಾರು ಸಾಯುವ ತನಕ ಓಡಿಸಿಕೊಂಡು ಹೋಗಿದ್ದ.

"ಯಾರವನು?"

"ಕ್ರೇನಿನವನು."

ತನಿಖಾಧಿಕಾರಿಗೆ ಮುರಿದ ಕೈಯ ನೋವು ಒಮ್ಮೆಲೇ ನೆತ್ತಿಗೇರಿತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಗದರಿದಳು. ಕ್ರೇನಿನವನ ಹೆಸರು ಹೇಳಿದ್ದರೆ ಅಣ್ಣ ಅಲ್ಲಿ ಕಾದಿದ್ದನ್ನೂ ಹೇಳಬೇಕಾಗುತ್ತಿತ್ತು ಎಂದಳು ಅವಳು. ಅಂದು ಅವನಿಗೆ ಬಾಗಿಲು ತೆಗೆದದ್ದು ಅತ್ತೆ. ನೀನೂ ಬಾಯಿ ಬಿಡಬೇಡ, ನಾನೂ ಬಿಡುವುದಿಲ್ಲ ಎಂದು ಅತ್ತೆಯೇ ಕೈ ಹಿಡಿದು ಹೇಳಿದ್ದರು. ಅದು ತನ್ನ ಮೇಲಿನ ಕನಿಕರ ಎಂದುಕೊಂಡಿದ್ದಳು.

"ನಿಮ್ಮತ್ತೆ ಈಗ ಎಲ್ಲಿದ್ದಾರೆ?"

ಕನ್ನಡಕದ ಅಂಗಡಿಗೆ ಹೋಗಿ ಬರುತ್ತೇನೆಂದು ಬೆಳಿಗ್ಗೆ ಹೊರಟವರು ಇನ್ನೂ ಬಂದಿಲ್ಲ ಎಂದಳು.

ಕೊಂದವನನ್ನು ನೋಡಿದ ಮುದುಕಿ ಬೀದಿಯಲ್ಲಿದ್ದಾಳೆ; ಅವನ ಬೇಡಿ ಕಳಚಿಸಿ ಕಾವಲಿಲ್ಲದೆ ಮಲಗಿಸಿದವಳು ತಾನು. ತನಿಖಾಧಿಕಾರಿ ಫೋನಿಗೆ ಕೈ ಹಾಕುವಷ್ಟರಲ್ಲಿ ಅದೇ ರಿಂಗಾಯಿತು. ಆಸ್ಪತ್ರೆಯಿಂದ ಆನೆ.

ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು, ಕ್ರೇನಿನವನನ್ನು ನೋಡೋಣವೆಂದು ಅವನ ವಾರ್ಡಿಗೆ ಹೋದರೆ ಮಂಚ ಖಾಲಿಯಿದೆ ಎಂದ. ಎದೆಗೆ ಪಟ್ಟಿ ಸುತ್ತಿ ಮುಗಿಯುತ್ತಲೇ ಅವನನ್ನು ಒಬ್ಬರು ಬಂದು ಟ್ಯಾಕ್ಸಿಯಲ್ಲಿ ಕರೆದುಕೊಂಡು ಹೋಗಿದ್ದಾರಂತೆ. ವಯಸ್ಸಾದ ಹೆಂಗಸು, ಗಿಡ್ಡ ಬಿಳಿಗೂದಲು, ಒಡೆದ ಕನ್ನಡಕ. ಠಾಣೆಯವರನ್ನು ವಿಚಾರಿಸಿದರೆ, ಆಕೆ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೇ ಕೂತಿದ್ದರಂತೆ. ಸತ್ತವನ ತಾಯಿ, ಕೊಂದವನ ಮುಖ ನೋಡಲು ಬಂದಿರಬೇಕೆಂದು ಪೇದೆಗಳು ಮರುಗಿ ನೀರು ಕೊಟ್ಟಿದ್ದರಂತೆ.

"ಬಲವಂತವಾಗಿ ಅವನೇ ಎಳ್ಕೊಂಡು ಹೋದನಾ?"

"ಇಲ್ಲ ಮೇಡಂ. ಅವರೇ ತೋಳು ಕೊಟ್ಟು ನಡೆಸ್ಕೊಂಡು ಹೋದ್ರಂತೆ. ನರ್ಸು ನೀವ್ಯಾರು ಅಂತ ಕೇಳಿದ್ದಕ್ಕೆ, ಇವನು ನನ್ನ ಮಗ, ಮನೆಗೆ ಕರ್ಕೊಂಡು ಹೋಗ್ತಿದ್ದೀನಿ ಅಂದ್ರಂತೆ."

ಹಾಗಾದರೆ ಮುದುಕಿ ಬಾಯಿ ಮುಚ್ಚಿಕೊಂಡದ್ದು ಸೊಸೆಗಾಗಿ ಅಲ್ಲ, ಅವನಿಗಾಗಿ. ತನಿಖಾಧಿಕಾರಿ ಫೋನಿಟ್ಟು, ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ನೆಲದ ಮೇಲೆ ಕೂತಿದ್ದವಳು ತಲೆಯೆತ್ತಿದಳು.

"ನಮ್ಮತ್ತೆಗೆ ಇದ್ದಿದ್ದು ಒಬ್ಬನೇ ಮಗ ಮೇಡಂ," ಎಂದಳು. "ಆ ಮಗನನ್ನ ನಾವು ಮಣ್ಣು ಮಾಡಿ ಬಂದಿದ್ದೀವಿ."